ಬಿರುಬಿಸಿಲಿನ ದಿನ ಕಚೇರಿಯೋ ಮನೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಂಡದಲ್ಲಿ ಯಾರು ಯಾವ ದಿನ ಕಚೇರಿಗೆ ಬರಬೇಕು, ಯಾರು ಮನೆಯಿಂದಲೇ ಕೆಲಸ ಮಾಡಬಹುದು ಎಂಬ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಿಸಿಗಾಳಿಯ ಎಚ್ಚರಿಕೆ ಹೊರಬಿದ್ದ ದಿನ ನಾನು ಹಾಸಿಗೆ ಬಿಟ್ಟು ಏಳುವ ಮೊದಲೇ ಮೊಬೈಲ್ ಗುಂಯ್‌ಗುಡಲು ಶುರುವಾಗುತ್ತದೆ: "ಇವತ್ತು ಬರಲೇಬೇಕೇ?" ಒಬ್ಬರಿಗೆ ಹೇಳಿದ್ದನ್ನೇ ಹತ್ತು ಮಂದಿಗೆ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ವೈದ್ಯನಲ್ಲ. ಆರೋಗ್ಯದ ಸಂಗತಿಗಳಲ್ಲಿ ನಿಮ್ಮನ್ನು ಬಲ್ಲ ವೈದ್ಯರ ಮಾತೇ ಕೊನೆಯ ಮಾತು.

ಇಷ್ಟು ಬಿಸಿಲಿರುವಾಗ ಮನೆಯಲ್ಲೇ ಇರುವುದು ಕ್ಷೇಮವಲ್ಲವೇ?

ನಾನೂ ಹಾಗೆಯೇ ಅಂದುಕೊಂಡಿದ್ದೆ. 2021ರ ಬೇಸಿಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಬಿಸಿಯ ಬೇಗೆಗೆ 619 ಮಂದಿ ತೀರಿಕೊಂಡರು. ಒಂದೊಂದು ಸಾವನ್ನೂ ಪರಿಶೀಲಿಸಿದಾಗ ತಿಳಿದದ್ದೇನೆಂದರೆ, ನೂರಕ್ಕೆ 98 ಮಂದಿಗೆ ಬೇಗೆ ತಗುಲಿದ್ದು ಸೂರಿನ ಕೆಳಗೇ. ಹೆಚ್ಚಿನವರು ವಯಸ್ಸಾದವರು, ಅರ್ಧಕ್ಕಿಂತ ಹೆಚ್ಚು ಮಂದಿ ಒಂಟಿಯಾಗಿ ವಾಸವಿದ್ದವರು. ದುಡಿಯುವ ವಯಸ್ಸಿನವರಿಗೆ ಈ ಲೆಕ್ಕವನ್ನು ಹಾಗೆಯೇ ಹೊಂದಿಸಲಾಗದು, ನಿಜ. ಆದರೆ ಮನೆ ಎಂದರೆ ನೆರಳು, ನೆರಳು ಎಂದರೆ ತಂಪು ಎಂಬ ನಂಬಿಕೆಯನ್ನು ಅಲುಗಾಡಿಸಲು ಇಷ್ಟು ಸಾಕು.

ನನ್ನ ಕೆಲಸದ ಕೋಣೆ ತಾರಸಿಯ ನೇರ ಕೆಳಗಿದೆ, ಕಿಟಕಿ ಪಶ್ಚಿಮಕ್ಕೆ. ಎಚ್ಚರಿಕೆ ಬಂದ ದಿನವೊಂದರಲ್ಲಿ ಬಲು ಜಾಣತನದಿಂದ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಮೂರಕ್ಕೆ ಮೇಜಿನ ಮೇಲಿನ ಉಷ್ಣಮಾಪಕ 37 ತೋರಿಸುತ್ತಿತ್ತು. ಮುಂಗೈ ಮೇಜಿಗೆ ಅಂಟಿಕೊಂಡು, ಎತ್ತಿದಾಗಲೆಲ್ಲ ಅಂಟುಪಟ್ಟಿ ಕಿತ್ತಂತೆ ಬರುತ್ತಿತ್ತು. ಗಲ್ಲದಿಂದ ಜಾರಿದ ಬೆವರ ಹನಿಯೊಂದು ಕೀಲಿಮಣೆಯ ಸಂದಿಗಿಳಿದು ಮಾಯವಾಯಿತು. ಅದೇ ಹೊತ್ತಿಗೆ ಕಚೇರಿಯಲ್ಲಿದ್ದ ಸಹೋದ್ಯೋಗಿ ಸಭೆಯ ಪರದೆಯಲ್ಲಿ ಸ್ವೆಟರ್ ಹಾಕಿಕೊಂಡು ಕಾಣಿಸಿಕೊಂಡರು.

ಹಾಗಾದರೆ ತೀರ್ಮಾನಿಸುವುದು ಹೇಗೆ?

ಅಳೆಯಿರಿ. ಕೋಣೆಯ ತಾಪ ತೋರಿಸುವ ಸಣ್ಣದೊಂದು ಉಷ್ಣಮಾಪಕ ಸಾಕು, ತೇವಾಂಶವನ್ನೂ ತೋರಿಸಿದರೆ ಇನ್ನೂ ಒಳ್ಳೆಯದು. (ಒಬ್ಬರು ಜ್ವರ ನೋಡುವ ಥರ್ಮಾಮೀಟರನ್ನೇ ಮೇಜಿನ ಮೇಲಿಟ್ಟು "ನನ್ನ ಕೋಣೆಗೆ ಜ್ವರವಿಲ್ಲ" ಎಂದು ವರದಿ ಕಳಿಸಿದ್ದರು. ಅದಲ್ಲ.) ಬಿಸಿಲು ನೇರ ಬೀಳದ ಕಡೆ, ನೀವು ಕೂರುವ ಎತ್ತರದಲ್ಲಿ ಇಡಿ. ಮಧ್ಯಾಹ್ನ ಮೂರಕ್ಕೊಮ್ಮೆ, ಮಲಗುವಾಗೊಮ್ಮೆ ನೋಡಿ ಬರೆದುಕೊಳ್ಳಿ. ಕೋಣೆಯ ತಾಪ ಹಗಲು 32 ಡಿಗ್ರಿಗಿಂತ, ರಾತ್ರಿ 24 ಡಿಗ್ರಿಗಿಂತ ಕೆಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಾತ್ರಿಯ 24 ಅನೇಕರಿಗೆ ಕನಸಿನ ಮಾತು. ಆದರೂ ಅದರಿಂದ ಎಷ್ಟು ದೂರದಲ್ಲಿದ್ದೇವೆ ಎಂದು ತಿಳಿದಿರಬೇಕು.

ನಾನು ಪಾಲಿಸುವ ಲೆಕ್ಕ ಹೀಗಿದೆ. ಮೂರು ಗಂಟೆಗೆ ಮನೆಯ ಮೇಜು 30ರೊಳಗಿದ್ದರೆ ಮನೆ. 32 ದಾಟಿದ್ದು, ಕಚೇರಿ ತಂಪಾಗಿದ್ದರೆ ಕಚೇರಿ. ಆದರೆ ಬಿಸಿಲೇರುವ ಮೊದಲೇ ಹೋಗಿ, ಇಳಿದ ಮೇಲೆ ಬರಬೇಕು. ಇವೆರಡರ ನಡುವೆ ಇದ್ದರೆ ದಾರಿಯೇ ತೀರ್ಮಾನಿಸುತ್ತದೆ. ದಾರಿಯ ಲೆಕ್ಕವನ್ನು ಬಾಗಿಲಿನಿಂದ ಬಾಗಿಲಿಗೆ ಹಾಕಿ. ಬಸ್ಸಿನ ಒಳಗಿನ ನಲವತ್ತು ನಿಮಿಷಕ್ಕಿಂತ ತಂಗುದಾಣದಲ್ಲಿ ಬಿಸಿಲಿಗೆ ನಿಂತ ಹದಿನೈದು ನಿಮಿಷವೇ ಹೆಚ್ಚು ಬಾಧಿಸುವುದುಂಟು. ಕಚೇರಿಯ ತಂಪನ್ನೂ ಕಣ್ಣುಮುಚ್ಚಿ ನಂಬಬೇಡಿ. ಗಾಜಿನ ಗೋಡೆಗೆ ಬೆನ್ನು ಕೊಟ್ಟು ಕೂತವರ ಕುರ್ಚಿಯ ಬಳಿಯೂ ಒಮ್ಮೆ ಅಳೆಯಿರಿ.

ಮುನ್ಸೂಚನೆಯಲ್ಲಿ 38 ಎಂದಿರುತ್ತದೆ, ಬೀದಿಗಿಳಿದರೆ 45 ಅನ್ನಿಸುತ್ತದೆ. ಯಾವುದನ್ನು ನಂಬಲಿ?

ಎರಡೂ ನಿಜ. ಹವಾಮಾನ ಕೇಂದ್ರದ ಉಷ್ಣಮಾಪಕ ಇರುವುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆಲದಿಂದ ಆಳೆತ್ತರದ ಆಸುಪಾಸಿನಲ್ಲಿ. ನೀವು ನಿಲ್ಲುವುದು ಡಾಂಬರಿನ ಮೇಲೆ. ಅಂಥ ಮಧ್ಯಾಹ್ನ ಡಾಂಬರಿನ ಮೈ 60 ಡಿಗ್ರಿ ದಾಟಿ ಕಾದಿರುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ರಸ್ತೆ, ಪಕ್ಕದಿಂದ ವಾಹನಗಳ ಎಂಜಿನ್. ಉಷ್ಣ ಸೂಚ್ಯಂಕ, ಅಂದರೆ ಮೈಗೆ ಎಷ್ಟು ಬಿಸಿ ಅನ್ನಿಸುತ್ತದೆ ಎಂಬ ಅಂಕಿಯನ್ನು ಕೂಡ ನೆರಳಿಗೆಂದೇ ಲೆಕ್ಕ ಹಾಕಿರುತ್ತಾರೆ. ನೇರ ಬಿಸಿಲಿನಲ್ಲಿ ಅದಕ್ಕಿಂತ ಸುಮಾರು 8 ಡಿಗ್ರಿಯವರೆಗೆ ಹೆಚ್ಚು ಅನ್ನಿಸಬಹುದು.

ತಾಪ ಅಷ್ಟೇನೂ ಹೆಚ್ಚಿಲ್ಲ, ಆದರೂ ಜೀವ ಹಿಂಡಿದಂತಾಗುತ್ತದೆ. ಏಕೆ?

ತೇವಾಂಶ. ಚರ್ಮದ ತಾಪ ಸಾಮಾನ್ಯವಾಗಿ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಗಾಳಿ ಅದಕ್ಕಿಂತ ಬಿಸಿಯಾದರೆ ಮೈಯ ಶಾಖ ಗಾಳಿಗೆ ಹೋಗುವ ಬದಲು ಗಾಳಿಯ ಶಾಖ ಮೈಗೆ ಬರುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಬೆವರು ಸುರಿದರೆ ಸಾಲದು, ಅದು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ; ಅಂಗಿಯಿಂದ ನೆಲಕ್ಕೆ ತೊಟ್ಟಿಕ್ಕಿದರೆ ಏನೂ ಒಯ್ಯುವುದಿಲ್ಲ. ಗಾಳಿಯೇ ನೀರಿನಿಂದ ತುಂಬಿರುವಾಗ ಬೆವರು ಆರುವುದೆಲ್ಲಿಗೆ?

ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಯಿಸಿದಾಗ ಅದು ತೋರಿಸುವುದು ಆರ್ದ್ರ ತಾಪ. ಅದು 35 ಮುಟ್ಟಿದರೆ ಆರೋಗ್ಯವಂತನ ಮೈ ಕೂಡ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳದು ಎಂದು 2010ರಲ್ಲಿ ಲೆಕ್ಕ ಹಾಕಿದ್ದರು. ಮುಂದೆ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುವಕ ಯುವತಿಯರ ಮೇಲೆ ನಡೆದ ಪ್ರಯೋಗಗಳಲ್ಲಿ, ತೇವ ತುಂಬಿದ ಗಾಳಿಯಲ್ಲಿ ಮೈಯ ಹಿಡಿತ ತಪ್ಪಲು 31ರ ಆಸುಪಾಸೇ ಸಾಕಾಯಿತು ಎಂದು 2022ರಲ್ಲಿ ಪ್ರಕಟವಾಯಿತು. ಆದ್ದರಿಂದ ಒಣ ಸೀಮೆಯ 42 ಡಿಗ್ರಿಯನ್ನು ತೋರಿಸಿ, ಸಮುದ್ರದ ಪಕ್ಕ 34ರಲ್ಲಿ ಬೇಯುವವರನ್ನು "ಇಷ್ಟಕ್ಕೇ ಸುಸ್ತಾದಿರಾ?" ಎಂದು ಯಾರೂ ಕೆಣಕಬೇಡಿ.

ಎ.ಸಿ. ಇಲ್ಲ, ಫ್ಯಾನ್ ಸಾಲದೇ?

ಗಾಳಿ 40 ಡಿಗ್ರಿಗಿಂತ ಕೆಳಗಿದ್ದರೆ ಫ್ಯಾನ್ ಒಳ್ಳೆಯದನ್ನೇ ಮಾಡುತ್ತದೆ. ಅದರಾಚೆ ಫ್ಯಾನ್ ಮೈಯನ್ನು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಎ.ಸಿ. ಇರುವವರಿಗೆ ಅದೇ ಸಂಸ್ಥೆಯ ಮಾತು: 27ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿಕೊಳ್ಳಿ, 4 ಡಿಗ್ರಿ ಹೆಚ್ಚು ತಂಪಾದಂತೆ ಅನ್ನಿಸುತ್ತದೆ. 18ಕ್ಕೆ ಇಟ್ಟು ಕಂಬಳಿ ಹೊದೆಯುವವರಿಗೆ ನಾನು ಹೇಳುವುದೇನೂ ಇಲ್ಲ.

ಮನೆಯಲ್ಲೇ ಕೂರಬೇಕಾಗಿ ಬಂದಿದೆ, ಕೋಣೆ ಕುಲುಮೆಯಂತಿದೆ. ಏನು ಮಾಡಲಿ?

ಮೊದಲು ಕೋಣೆ ಬದಲಿಸಿ. ಅಭ್ಯಾಸದ ಬಲದಿಂದ ಎಲ್ಲರೂ "ನನ್ನ ಮೇಜು" ಇರುವಲ್ಲೇ ಕೂರುತ್ತಾರೆ. ಮನೆಯ ಅತ್ಯಂತ ತಂಪಾದ ಮೂಲೆ ಬೇರೆಲ್ಲೋ ಇರುತ್ತದೆ. ನಾನು ಉಷ್ಣಮಾಪಕ ಹಿಡಿದು ಮನೆಯೆಲ್ಲ ಸುತ್ತಿದಾಗ ಕೆಳಗಿನ ಅಂತಸ್ತಿನ ಓಡಾಟದ ಹಾದಿ ನನ್ನ ಕೋಣೆಗಿಂತ 5 ಡಿಗ್ರಿ ಕಡಿಮೆ ಇತ್ತು. ಈಗ ಬೇಸಿಗೆಯಲ್ಲಿ ನನ್ನ ಕಚೇರಿ ಅಲ್ಲೇ, ಗೋಡೆಗೆ ಆತುಕೊಂಡ ಮಡಿಸುವ ಮೇಜಿನ ಮೇಲೆ. ಮನೆಯವರು ಹಾದುಹೋಗುವಾಗಲೆಲ್ಲ ಕಾಲು ಮಡಚಿಕೊಳ್ಳಬೇಕು, ಅಷ್ಟೇ ಕಷ್ಟ.

ಕಿಟಕಿಗಳ ವಿಷಯದಲ್ಲಿ ನಿಯಮ ಸರಳ: ಹೊರಗಿನ ಗಾಳಿ ಒಳಗಿಗಿಂತ ತಂಪಾಗಿದ್ದಾಗ ತೆರೆಯಿರಿ, ಬಿಸಿಯಾದಾಗ ಮುಚ್ಚಿ. ಅಂದರೆ ರಾತ್ರಿ ಮತ್ತು ನಸುಕಿನಲ್ಲಿ ಎದುರುಬದುರು ಕಿಟಕಿಗಳನ್ನು ತೆರೆದು ಗಾಳಿಯಾಡಿಸಿ, ಬಿಸಿಲೇರುತ್ತಿದ್ದಂತೆ ಮುಚ್ಚಬೇಕು. ಪರದೆಯನ್ನು ಗಾಜಿನ ಒಳಗೆ ಕಟ್ಟುವುದಕ್ಕಿಂತ ಹೊರಗೆ ಕಟ್ಟಿದರೆ ಹೆಚ್ಚು ಫಲ. ಒಳಗೆ ಬಂದ ಬಿಸಿಲು ಆಗಲೇ ಒಳಗೆ ಬಂದಾಗಿದೆ. ಅಂಗಿಯನ್ನು ಒದ್ದೆ ಮಾಡಿಕೊಂಡು ಫ್ಯಾನಿನ ಮುಂದೆ ಕೂರುವುದು ಸಭ್ಯವಲ್ಲದಿರಬಹುದು, ಆದರೆ ಒಣಹವೆಯಲ್ಲಿ ಅದರಷ್ಟು ಸುಲಭದ ಉಪಾಯ ಇನ್ನೊಂದಿಲ್ಲ. ಸಭೆಯಲ್ಲಿ ಕ್ಯಾಮೆರಾ ಆಫ್ ಇಡಲು ಮೇಲಧಿಕಾರಿಯ ಒಪ್ಪಿಗೆ ಮೊದಲೇ ಪಡೆದಿರಿ.

ಲ್ಯಾಪ್‌ಟಾಪ್ ಪದೇ ಪದೇ ನಿಧಾನವಾಗುತ್ತದೆ. ಬಿಸಿಯೇ ಕಾರಣವೇ?

ಬಹುಮಟ್ಟಿಗೆ. ಅನೇಕ ಲ್ಯಾಪ್‌ಟಾಪ್ ಮತ್ತು ಮೊಬೈಲ್‌ಗಳ ಕೈಪಿಡಿಯಲ್ಲಿ ಸುತ್ತಲಿನ ತಾಪದ ಮಿತಿ 35 ಡಿಗ್ರಿ ಎಂದೇ ಬರೆದಿರುತ್ತದೆ. ಅದು ದಾಟಿದಾಗ ಯಂತ್ರ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಹಾಸಿಗೆ, ದಿಂಬಿನ ಮೇಲಿಡದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ. ನಿಲ್ಲಿಸಿದ ಕಾರಿನಲ್ಲಂತೂ ಬಿಟ್ಟುಬರಬೇಡಿ.

ಕಚೇರಿಗೆ ಹೋಗಲೇಬೇಕು. ಯಾವ ವಾಹನ ಮೇಲು?

ನೆರಳಿನಲ್ಲಿ ಹತ್ತಿ ನೆರಳಿನಲ್ಲಿ ಇಳಿಯುವಂಥದ್ದು ಎಂಬುದು ನನ್ನ ಉತ್ತರ. ಎ.ಸಿ. ಇರುವ ರೈಲು ಬಸ್ಸುಗಳು ಉತ್ತಮ, ಹತ್ತುವವರೆಗಿನ ಕಾಯುವಿಕೆ ಕಡಿಮೆ ಇದ್ದರೆ. ರೈಲು ಪ್ರಯಾಣಿಕರು ಸ್ವಲ್ಪ ಹೆಚ್ಚು ಸಮಯ ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಉದ್ದದ ಉಕ್ಕು 30 ಡಿಗ್ರಿ ಬಿಸಿಯೇರಿದರೆ ಸುಮಾರು 35 ಸೆಂಟಿಮೀಟರ್ ಹಿಗ್ಗಲು ನೋಡುತ್ತದೆ, ಬಿಸಿಲಿಗೆ ಬಿದ್ದ ಹಳಿ ಸುತ್ತಲಿನ ಗಾಳಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾಯಬಹುದು. ಹಿಗ್ಗಲು ಜಾಗವಿಲ್ಲದ ಹಳಿ ಹಾವಿನಂತೆ ಡೊಂಕಾಗುವ ಅಪಾಯವಿರುವುದರಿಂದಲೇ ಅಂಥ ದಿನ ರೈಲುಗಳ ವೇಗ ತಗ್ಗಿಸುತ್ತಾರೆ.

ಕಾರಿನವರಿಗೆ ಒಂದು ಅಳತೆ ಹೇಳುತ್ತೇನೆ. ಅಮೆರಿಕದ ಅರಿಜೋನಾದಲ್ಲಿ 38 ಡಿಗ್ರಿಗೂ ಮಿಕ್ಕಿದ ದಿನಗಳಲ್ಲಿ ಕಾರುಗಳನ್ನು ಬಿಸಿಲಿಗೆ ನಿಲ್ಲಿಸಿ ನೋಡಿದಾಗ, ಒಂದೇ ಗಂಟೆಯಲ್ಲಿ ಒಳಗಿನ ಗಾಳಿ ಸರಾಸರಿ 47, ಸ್ಟೀರಿಂಗ್ 53, ಮುಂದಿನ ಡ್ಯಾಶ್‌ಬೋರ್ಡ್ 69 ಡಿಗ್ರಿಗೆ ಏರಿತ್ತು. ಸೀಟ್ ಬೆಲ್ಟಿನ ಲೋಹದ ನಾಲಗೆ ತೊಡೆಗೆ ತಾಗಿ ಮೂಡಿದ ಕೆಂಪು ಗೆರೆ ನನ್ನ ಬಳಿ ನಾಲ್ಕು ದಿನ ಇತ್ತು. ಬಾಗಿಲುಗಳನ್ನೆಲ್ಲ ಒಂದೆರಡು ನಿಮಿಷ ತೆರೆದಿಟ್ಟು, ಕಿಟಕಿ ಇಳಿಸಿಕೊಂಡು ಹೊರಟು, ಆಮೇಲೆ ಎ.ಸಿ. ಹಾಕಿ. ಮಗುವನ್ನಾಗಲಿ ಸಾಕುಪ್ರಾಣಿಯನ್ನಾಗಲಿ "ಎರಡೇ ನಿಮಿಷ" ಎಂದು ಒಳಗೆ ಬಿಡುವ ಮಾತೇ ಬೇಡ.

ದ್ವಿಚಕ್ರದವರೇ, ಓಡುವಾಗ ಗಾಳಿ ಬೀಸುತ್ತದೆ ಎಂದು ಮೋಸಹೋಗಬೇಡಿ. 40 ದಾಟಿದ ಗಾಳಿ ಮುಖಕ್ಕೆ ಬಡಿಯುವುದು ಕೂದಲೊಣಗಿಸುವ ಯಂತ್ರದ ಮುಂದೆ ಕುಳಿತಂತೆ. ಬೆವರು ಹುಟ್ಟಿದ ಕ್ಷಣವೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡಿರಿ ಎಂಬುದೇ ಗೊತ್ತಾಗುವುದಿಲ್ಲ. ತೋಳು ಮುಚ್ಚುವ ಸಡಿಲವಾದ ಬಟ್ಟೆ ಇರಲಿ. ಹೆಲ್ಮೆಟ್ ಸೆಕೆಯೆಂದು ಕಳಚುವವರಿಗೆ ಬಿಸಿಲಿಗಿಂತ ದೊಡ್ಡ ಅಪಾಯ ರಸ್ತೆಯಲ್ಲಿದೆ.

ಹೊರಡಲು ಸರಿಯಾದ ಹೊತ್ತು ಯಾವುದು?

ಸೂರ್ಯ ನೆತ್ತಿಗೆ ಬರುವುದು ನಡುಹಗಲಿನಲ್ಲಾದರೂ ಗಾಳಿ ಹೆಚ್ಚು ಕಾಯುವುದು ಸಾಮಾನ್ಯವಾಗಿ ಮೂರರಿಂದ ಐದರ ನಡುವೆ. ನಸುಕು ಕಳೆದ ಹೊತ್ತು ಅತ್ಯಂತ ತಂಪು. ನಮ್ಮಲ್ಲಿ ಎಚ್ಚರಿಕೆಯ ದಿನಗಳಿಗೆಂದು ಏಳಕ್ಕೆ ಬಂದು ಮೂರಕ್ಕೆ ಹೊರಡುವ ಪಾಳಿ ಮಾಡಿ ನೋಡಿದೆವು. ಬೆಳಗಿನ ಪ್ರಯಾಣ ಸುಖವಾಯಿತು, ಹಿಂದಿರುಗುವಾಗ ಎಲ್ಲರೂ ಬೆಂಕಿಯ ಬಾಯಿಗೇ ಬಿದ್ದರು. ಪಟ್ಟಿ ಬರೆದವನು ನಾನೇ, ಬೈಗುಳವನ್ನೂ ನಾನೇ ತಿಂದೆ. ಈಗಿನ ಏರ್ಪಾಡು ಎರಡು: ಏಳಕ್ಕೆ ಬಂದವರು ಹನ್ನೊಂದರೊಳಗೆ ಮನೆ ಸೇರಿ ಉಳಿದದ್ದನ್ನು ಅಲ್ಲಿಂದ ಮುಗಿಸುವುದು, ಮನೆ ಬಿಸಿಯೇರುವಂಥದ್ದಾದರೆ ಸಂಜೆ ಏಳರವರೆಗೆ ಕಚೇರಿಯ ತಂಪಿನಲ್ಲೇ ಉಳಿಯುವುದು, ನಡುವೆ ಕೆಲಸವಿಲ್ಲದಿದ್ದರೂ ಸರಿ.

ಸೆಕೆಯಲ್ಲಿ ಕೆಲಸ ಕೆಡುತ್ತದೆ ಎನ್ನುವುದು ಸೋಮಾರಿಗಳ ನೆಪವಲ್ಲವೇ?

ಈ ಪ್ರಶ್ನೆ ಕೇಳುವವರ ಕೊಠಡಿಯಲ್ಲಿ ಎ.ಸಿ. ಇದ್ದೇ ಇರುತ್ತದೆ. 2016ರ ಬೇಸಿಗೆಯಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ 44 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಕೆಲವರ ವಸತಿ ಕಟ್ಟಡಕ್ಕೆ ಎ.ಸಿ. ಇತ್ತು, ಉಳಿದವರದಕ್ಕೆ ಇರಲಿಲ್ಲ. ಬೆಳಗ್ಗೆ ಎದ್ದೊಡನೆ ಕೊಟ್ಟ ಪರೀಕ್ಷೆಗಳಲ್ಲಿ, ಬಿಸಿಗಾಳಿಯ ದಿನಗಳಂದು, ಎ.ಸಿ. ಇಲ್ಲದವರ ಪ್ರತಿಕ್ರಿಯೆ ಶೇ. 13ರಷ್ಟು ನಿಧಾನವಾಗಿತ್ತು. ಅವರೆಲ್ಲ ಗಟ್ಟಿಮುಟ್ಟಾದ ಎಳೆಯರು ಎಂಬುದನ್ನು ನೆನಪಿಡಿ. ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಮಲಗಿದ ಕೋಣೆ. ರಾತ್ರಿ ಬೆಂದವರು ಬೆಳಗ್ಗೆ ತಂಪಾದ ಕಚೇರಿಗೆ ಬಂದು ಕೂತರೂ ತಲೆ ಕೂಡಲೇ ಓಡುವುದಿಲ್ಲ. ಆದ್ದರಿಂದ ಎಚ್ಚರಿಕೆಯ ಮೂರನೆಯ ನಾಲ್ಕನೆಯ ದಿನ ಲೆಕ್ಕಪತ್ರದಂಥ, ತಪ್ಪಿದರೆ ತಲೆನೋವಾಗುವ ಕೆಲಸಗಳನ್ನು ನಾನು ಮುಂದೂಡುತ್ತೇನೆ.

ಬಿಸಿಲಿನಿಂದ ಬಂದು ತಕ್ಷಣ ತಣ್ಣೀರು ಕುಡಿಯಬಹುದೇ? ಎಷ್ಟು ಕುಡಿಯಬೇಕು?

ಕುಡಿಯಬಹುದು, ಬಿಸಿಲಿನಲ್ಲಿ ದುಡಿಯುವವರಿಗೆ ತಂಪು ನೀರನ್ನೇ ಕೊಡಬೇಕೆಂಬುದು ತಜ್ಞರ ಸಲಹೆ. ಗಟಗಟನೆ ಒಮ್ಮೆಲೇ ಬೇಡ, ಆಗಾಗ ಸ್ವಲ್ಪ ಸ್ವಲ್ಪ. ಮನೆಯೊಳಗೆ ಕೂತವರಿಗೆ ಗಂಟೆಗೊಂದು ಲೋಟ, ದಿನಕ್ಕೆ 2ರಿಂದ 3 ಲೀಟರ್ ಆದರೆ ಸಾಕು. ಗಂಟೆಗೆ ಒಂದೂವರೆ ಲೀಟರ್ ಮೀರಿ ನೀರು ಸುರಿದುಕೊಳ್ಳುವುದೂ ಅಪಾಯವೇ, ರಕ್ತದ ಸೋಡಿಯಂ ಇಳಿದುಹೋಗುತ್ತದೆ. ಮೂತ್ರ ಗಾಢ ಹಳದಿಯಾಗಿದ್ದರೆ ಕುಡಿದದ್ದು ಸಾಲದು. ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿ.

ಯಾರನ್ನು ಓಡಾಟದಿಂದ ಕಡ್ಡಾಯವಾಗಿ ತಪ್ಪಿಸಬೇಕು?

ಗರ್ಭಿಣಿಯರು, ಹೃದ್ರೋಗ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಜ್ವರದಿಂದ ಈಗಷ್ಟೇ ಎದ್ದವರು. ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡದ ಕೆಲವು ಔಷಧಿ, ಅಲರ್ಜಿಯ ಕೆಲವು ಮಾತ್ರೆ, ಮಾನಸಿಕ ಆರೋಗ್ಯದ ಕೆಲವು ಔಷಧಿಗಳು ಮೈ ತಂಪಾಗುವ ಕ್ರಮಕ್ಕೆ ಅಡ್ಡಿಯಾಗುತ್ತವೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಪಟ್ಟಿಯಲ್ಲಿ ಬಿಟ್ಟುಹೋಗುವವರು ಇನ್ನೊಬ್ಬರಿದ್ದಾರೆ: ರಜೆ ಮುಗಿಸಿ ತಂಪಾದ ಊರಿನಿಂದ ನಿನ್ನೆ ರಾತ್ರಿ ಬಂದಿಳಿದವರು. ಮೈ ಬಿಸಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು.

ಇವರಲ್ಲಿ ಯಾರನ್ನೂ "ಏಕೆ?" ಎಂದು ತಂಡದ ಗುಂಪಿನಲ್ಲಿ ಕೇಳಬೇಡಿ. ಕಾಯಿಲೆಯ ವಿವರ ಹೇಳದೆಯೂ ಮನೆಯಲ್ಲಿ ಉಳಿಯುವಂತಿರಬೇಕು.

ಮನೆಯಲ್ಲಿ ಒಬ್ಬರೇ ಇದ್ದೇನೆ. ಏನಾದರೂ ಆದರೆ?

ನನಗೆ ಹೆಚ್ಚು ಭಯ ಇದರದ್ದೇ. ಕಚೇರಿಯಲ್ಲಿ ಮುಖ ಕೆಂಪಾದರೆ ಪಕ್ಕದವರು ನೋಡುತ್ತಾರೆ. ಮನೆಯಲ್ಲಿ ಕ್ಯಾಮೆರಾ ಆಫ್, ಮೈಕ್ ಆಫ್. ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ, ವಿಪರೀತ ಬೆವರು ಬಂದರೆ ಕೆಲಸ ಬಿಟ್ಟು ತಂಪಾದ ಕಡೆ ಮಲಗಿ, ನೀರು ಅಥವಾ ಓ.ಆರ್.ಎಸ್. ಕುಡಿಯಿರಿ. ಮಾತು ತೊದಲುವುದು, ಗಲಿಬಿಲಿ, ಪ್ರಜ್ಞೆ ತಪ್ಪುವುದು, ಮೈ 40 ಡಿಗ್ರಿ ದಾಟುವುದು ಶಾಖಾಘಾತದ ಗುರುತು. ಬೆವರು ನಿಂತಿರಲೇಬೇಕೆಂದಿಲ್ಲ. ಆಗ ಆಂಬುಲೆನ್ಸಿಗೆ ಕರೆ ಮಾಡಿ, ಅದು ಬರುವ ತನಕ ಕಾಯದೆ ಮೈಗೆ ತಣ್ಣೀರು ಸುರಿದು ಗಾಳಿ ಹಾಕಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ಗಲಿಬಿಲಿಗೊಂಡ ಮನುಷ್ಯ ತಾನೇ ಸಹಾಯ ಕೇಳಲಾರ. ಅದಕ್ಕೆಂದೇ ನಮ್ಮಲ್ಲಿ ಇಬ್ಬಿಬ್ಬರ ಜೋಡಿ ಮಾಡಿದ್ದೇವೆ: ಹನ್ನೆರಡು, ಎರಡು, ನಾಲ್ಕಕ್ಕೆ ಒಬ್ಬರಿಗೊಬ್ಬರು ಫೋನ್. ಸಂದೇಶ ಸಾಲದು, ದನಿ ಕೇಳಬೇಕು. ಒಮ್ಮೆ ಒಬ್ಬರು ನಾಲ್ಕರ ಕರೆಗೆ "ಹೂಂ, ಹೂಂ" ಎಂದಷ್ಟೇ ಉತ್ತರಿಸಿದರೆಂದು ಜೋಡಿಯವರು ಹೆದರಿ ಪಕ್ಕದ ಮನೆಯವರನ್ನು ಎಬ್ಬಿಸಿ ಕಳಿಸಿದರು. ಆಮೇಲೆ ನೋಡಿದರೆ ಅವರು ನಿದ್ದೆ ಹೋಗಿದ್ದರಂತೆ. ನಾನು ಇಬ್ಬರನ್ನೂ ಗದರಲಿಲ್ಲ.

ಇಷ್ಟು ಬಿಸಿಯಾದರೆ ಕೆಲಸ ನಿಲ್ಲಿಸಬಹುದು ಎಂಬ ಕಾನೂನಿದೆಯೇ?

ದೇಶಕ್ಕೊಂದು ರೀತಿ. ಜರ್ಮನಿಯ ಕೆಲಸದ ಸ್ಥಳದ ನಿಯಮಗಳ ಪ್ರಕಾರ ಕೋಣೆ 30 ಡಿಗ್ರಿ ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಲೇಬೇಕು. 35 ದಾಟಿದರೆ ವಿಶೇಷ ಏರ್ಪಾಡಿಲ್ಲದೆ ಆ ಕೋಣೆ ಕೆಲಸಕ್ಕೆ ತಕ್ಕುದಲ್ಲ. ಸ್ಪೇನ್‌ನಲ್ಲಿ ಕೂತು ಮಾಡುವ ಕೆಲಸದ ಕೋಣೆ 17ರಿಂದ 27ರೊಳಗಿರಬೇಕು. ಬ್ರಿಟನ್ನಿನಲ್ಲಿ ಚಳಿಗೆ ಕನಿಷ್ಠ ಮಟ್ಟ ಹೇಳಿದ್ದಾರೆ, ಸೆಕೆಗೆ ಗರಿಷ್ಠ ಹೇಳಿಲ್ಲ. ಜಪಾನ್ 2025ರ ಜೂನ್‌ನಿಂದ ಶಾಖಾಘಾತ ತಡೆಯುವ ಕ್ರಮಗಳನ್ನು ಮಾಲೀಕರಿಗೆ ಕಡ್ಡಾಯ ಮಾಡಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ ಒಪ್ಪಂದವೊಂದು, ಜೀವಕ್ಕೆ ಕೂಡಲೇ ಗಂಭೀರ ಅಪಾಯವಿದೆ ಎಂದು ಸಕಾರಣವಾಗಿ ನಂಬಿ ಕೆಲಸದಿಂದ ಹಿಂದೆ ಸರಿದವರನ್ನು ದಂಡಿಸಬಾರದು ಎನ್ನುತ್ತದೆ. ನಿಮ್ಮ ಮೇಲಧಿಕಾರಿಗೆ ಒಪ್ಪಂದದ ಪ್ರತಿ ತೋರಿಸುವುದಕ್ಕಿಂತ ಐದು ದಿನ ಬರೆದಿಟ್ಟ ಉಷ್ಣಮಾಪಕದ ಅಂಕಿಗಳನ್ನು ತೋರಿಸಿ. "ಸೆಕೆ" ಎಂದರೆ ವಾದಕ್ಕಿಳಿಯುವವರೂ "ಮೂರಕ್ಕೆ 36" ಎಂದಾಗ ಸುಮ್ಮನಾಗುತ್ತಾರೆ.

ಪರಿಸರಕ್ಕೆ ಯಾವುದು ಒಳ್ಳೆಯದು?

ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಎ.ಸಿ. ಓಡುತ್ತಿದ್ದು, ಕಚೇರಿಯ ಎ.ಸಿ. ಖಾಲಿ ಕುರ್ಚಿಗಳಿಗೂ ಗಾಳಿ ಹಾಕುತ್ತಿದ್ದರೆ ಎರಡೂ ಕಡೆ ನಷ್ಟ. ಕಾರಿನಲ್ಲಿ ಒಂದು ಕಡೆಗೆ ಸುಮಾರು 6 ಕಿಲೋಮೀಟರಿಗಿಂತ ಹೆಚ್ಚು ದೂರ ಬರುವವರು ಮನೆಯಲ್ಲಿ ಉಳಿದರೆ ಇಂಗಾಲದ ಹೊರೆ ತಗ್ಗುವ ಸಂಭವ ಹೆಚ್ಚು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿತ್ತು. ಬಸ್ಸು ರೈಲಿನವರಿಗೆ ಅದು ಅಷ್ಟಾಗಿ ಅನ್ವಯಿಸದು.

ನಾವೆಲ್ಲ ಮನೆಯಲ್ಲಿ ಉಳಿದರೆ ಕಾವಲಿನವರು, ಸ್ವಚ್ಛತೆಯವರು ಏನು ಮಾಡಬೇಕು?

ಬಹಳ ಕಡಿಮೆ ಮಂದಿ ಕೇಳುವ ಪ್ರಶ್ನೆ. ಪದೇ ಪದೇ ಕೇಳುವ ಪಟ್ಟಿಯಲ್ಲಿ ಇದನ್ನು ನಾನೇ ಸೇರಿಸಿದ್ದೇನೆ. ಜಗತ್ತಿನಲ್ಲಿ ವರ್ಷಕ್ಕೆ 240 ಕೋಟಿ ದುಡಿಯುವವರು ವಿಪರೀತ ಬಿಸಿಗೆ ಒಡ್ಡಿಕೊಳ್ಳುತ್ತಾರೆಂದು ಕಾರ್ಮಿಕ ಸಂಸ್ಥೆ 2024ರಲ್ಲಿ ಅಂದಾಜಿಸಿತು. ಕಚೇರಿಯಲ್ಲಿ ಜನ ಕಡಿಮೆ ಎಂದು ಮಹಡಿಯ ಎ.ಸಿ. ನಿಲ್ಲಿಸಿದ ದಿನ, ಅದೇ ಮಹಡಿಯನ್ನು ಒರೆಸುವವರು ಬೆವರಿನಲ್ಲಿ ತೊಯ್ದಿದ್ದರು. ನಮ್ಮ ಯಾರ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಈಗ ಗೇಟಿನ ಕಾವಲಿಗೆ ಬಿಸಿಲ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಬದಲಿ, ಒಳಗೊಂದು ಕುರ್ಚಿ, ಕುಡಿಯುವ ನೀರು. ಒರೆಸುವ ಕೆಲಸ ಬೆಳಗ್ಗೆಯೇ.

ಎಚ್ಚರಿಕೆ ಹಿಂತೆಗೆದುಕೊಂಡರು. ನಾಳೆಯಿಂದ ಎಂದಿನಂತೆಯೇ?

ಹೊರಗಿನ ಮಟ್ಟಿಗೆ ಹೌದು. ಕಾಂಕ್ರೀಟು ಹಗಲೆಲ್ಲ ಕುಡಿದ ಶಾಖವನ್ನು ತಾಸುಗಟ್ಟಲೆ ತಡವಾಗಿ ಒಳಗೆ ಬಿಡುತ್ತದೆ. ವಾರವಿಡೀ ಕಾದ ಕಟ್ಟಡ ಒಂದೇ ರಾತ್ರಿಯಲ್ಲಿ ಆರುವುದಿಲ್ಲ. ಕಳೆದ ಸಲ ಹೊರಗೆ ತಂಗಾಳಿ ಬೀಸಲು ಶುರುವಾದ ಸಂಜೆ ನಾನು ಮೇಜನ್ನು ಹಾದಿಯಿಂದ ಮತ್ತೆ ಮಾಳಿಗೆಗೆ ಸಾಗಿಸಿದೆ. ರಾತ್ರಿ ಹನ್ನೊಂದಕ್ಕೆ ಅಲ್ಲಿ ಇನ್ನೂ 33 ಇತ್ತು. ಗೋಡೆಗೆ ಅಂಗೈ ಇಟ್ಟರೆ ಜ್ವರ ಬಂದ ಮಗುವಿನ ಬೆನ್ನು ಮುಟ್ಟಿದಂತಿತ್ತು. ಮೇಜು ಕೆಳಗಿಳಿಯಿತು, ಇನ್ನೆರಡು ದಿನ ಅಲ್ಲೇ ಇತ್ತು.